ಸಿನಿಮಾದ ಪ್ರಳಯ ನೋಡಿ ಸರ್ಕಾರಗಳು ಎಚ್ಚೆತ್ತುಕೊಳ್ಳುತ್ತವೆಯೇ?

ಹಿಮದಲ್ಲಿ ಅರ್ಧ ಹೂತುಹೋದ ಅಮೆರಿಕದ ಲಿಬರ್ಟಿ ಪ್ರತಿಮೆಯ ಚಿತ್ರವನ್ನು ನೀವು ಮೊಬೈಲಿನಲ್ಲಿ ಒಮ್ಮೆಯಾದರೂ ನೋಡಿರಬಹುದು. "ಸಾಗರದ ಪ್ರವಾಹ ನಿಲ್ಲಲಿದೆ", "ಮತ್ತೆ ಹಿಮಯುಗ ಬರಲಿದೆ" ಎಂಬಂಥ ಸಾಲುಗಳ ಜೊತೆ ಅದು ಇಂದಿಗೂ ಓಡಾಡುತ್ತದೆ. ಅದು ಫೋಟೊ ಅಲ್ಲ, ವಿಜ್ಞಾನಿಗಳು ಸಿದ್ಧಪಡಿಸಿದ ಚಿತ್ರವೂ ಅಲ್ಲ. 2004ರ ಮೇ ತಿಂಗಳ ಕೊನೆಯಲ್ಲಿ ಬಿಡುಗಡೆಯಾದ ‘ದಿ ಡೇ ಆಫ್ಟರ್ ಟುಮಾರೊ’ ಎಂಬ ಹಾಲಿವುಡ್ ಸಿನಿಮಾದ್ದು.

ಇಂಥ ಚಿತ್ರ ಹಂಚಿಕೊಳ್ಳುವವರನ್ನು ಕೇಳಿದರೆ ಸಾಮಾನ್ಯವಾಗಿ ಒಂದು ಉತ್ತರ ಬರುತ್ತದೆ: "ಸ್ವಲ್ಪ ಹೆಚ್ಚು ಮಾಡಿ ತೋರಿಸಿದ್ದಾರೆ, ಒಪ್ಪಿದೆ. ಆದರೆ ಇದನ್ನು ನೋಡಿಯಾದರೂ ಜನ ಎಚ್ಚೆತ್ತುಕೊಳ್ಳಲಿ, ಸರ್ಕಾರಗಳು ಏನಾದರೂ ಮಾಡಲಿ." ಮಾತು ಸರಿ ಎನಿಸುತ್ತದೆ. ಆದರೆ ಅದು ನಿಜವೇ? ಇದನ್ನು ಊಹೆ ಮಾಡಿ ಹೇಳಬೇಕಾಗಿಲ್ಲ. ಈ ಸಿನಿಮಾ ನೋಡಿದವರ ಮೇಲೆ ಅಮೆರಿಕ, ಬ್ರಿಟನ್, ಜರ್ಮನಿ, ಜಪಾನ್ ನಾಲ್ಕೂ ದೇಶಗಳಲ್ಲಿ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಸಂಸತ್ತುಗಳಲ್ಲಿ ಆಮೇಲೆ ನಡೆದದ್ದಕ್ಕೂ ದಾಖಲೆಗಳಿವೆ.

ಚಿಕ್ಕ ಉತ್ತರ ಬೇಕಾದವರಿಗೆ: ಸಿನಿಮಾ ಗಮನ ಸೆಳೆಯುತ್ತದೆ, ನೋಡಿದವರ ಆತಂಕವನ್ನೂ ಹೆಚ್ಚಿಸುತ್ತದೆ. ಆದರೆ ಅದೇ ಸಿನಿಮಾ "ಇದೆಲ್ಲ ನಿಜವಾಗಿ ಆಗುವಂಥದ್ದಲ್ಲ" ಎಂಬ ಭಾವನೆಯನ್ನೂ ಬಿತ್ತಬಹುದು. ಗಮನ ಕಾನೂನಾಗಿ ಬದಲಾಗುವುದಂತೂ ಸಿನಿಮಾದ ಕೈಯಲ್ಲಿಲ್ಲ.

ದೆಹಲಿಯಲ್ಲಿ ಹಿಮ, ನ್ಯೂಯಾರ್ಕಿನಲ್ಲಿ ಮಂಜುಗಡ್ಡೆ

ಸಿನಿಮಾ ನೋಡದವರಿಗಾಗಿ ಕಥೆ ಚುಟುಕಾಗಿ. ಧ್ರುವ ಪ್ರದೇಶದ ಹಿಮ ಕರಗಿ ಉತ್ತರ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ನಿಂತುಹೋಗುತ್ತದೆ. ಕೆಲವೇ ದಿನಗಳಲ್ಲಿ ದೈತ್ಯ ಬಿರುಗಾಳಿಗಳು ಎದ್ದು ಉತ್ತರ ಗೋಳಾರ್ಧವೇ ಹೆಪ್ಪುಗಟ್ಟುತ್ತದೆ. ಆರಂಭದ ಒಂದು ದೃಶ್ಯ ನಮ್ಮ ದೆಹಲಿಯದು. ಅಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ನಡೆಯುತ್ತಿದ್ದರೆ ಹೊರಗೆ ಹಿಮ ಬೀಳುತ್ತಿರುತ್ತದೆ! (2002ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ನಡೆದದ್ದು ಮಾತ್ರ ನಿಜ.) ನಾಯಕನಾದ ವಿಜ್ಞಾನಿ ಎಚ್ಚರಿಸುತ್ತಾನೆ, ಅಮೆರಿಕದ ಉಪಾಧ್ಯಕ್ಷ "ಖರ್ಚು ಯಾರು ಕೊಡುತ್ತಾರೆ" ಎಂಬ ಧಾಟಿಯಲ್ಲಿ ತಳ್ಳಿಹಾಕುತ್ತಾನೆ. ಆ ಪಾತ್ರಧಾರಿ ನೋಡಲು ಆಗಿನ ನಿಜವಾದ ಉಪಾಧ್ಯಕ್ಷ ಡಿಕ್ ಚೇನಿಯಂತೆಯೇ ಇದ್ದದ್ದು ಆಕಸ್ಮಿಕವಲ್ಲ. ಕೊನೆಗೆ ಅಮೆರಿಕನ್ನರೇ ನಿರಾಶ್ರಿತರಾಗಿ ಮೆಕ್ಸಿಕೊ ಗಡಿ ದಾಟುತ್ತಾರೆ.

ರೋಲಂಡ್ ಎಮ್ಮೆರಿಕ್ ನಿರ್ದೇಶನದ ಈ ಸಿನಿಮಾ ಜಗತ್ತಿನಾದ್ಯಂತ 50 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ರಾಜಕೀಯದ ಬಿಸಿ ಬಿಡುಗಡೆಗೆ ಮೊದಲೇ ಶುರುವಾಗಿತ್ತು. ಸಿನಿಮಾದ ಬಗ್ಗೆ ಪತ್ರಕರ್ತರ ಜೊತೆ ಮಾತನಾಡಬೇಡಿ ಎಂದು ನಾಸಾದ ವಿಜ್ಞಾನಿಗಳಿಗೆ ಇಮೇಲ್ ಹೋಗಿತ್ತು ಎಂದು 2004ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ವರದಿ ಮಾಡಿತು. ಸುದ್ದಿ ಹೊರಬಿದ್ದ ಮೇಲೆ ಆ ನಿರ್ಬಂಧ ಸಡಿಲವಾಯಿತು. ಒಂದು ಮನರಂಜನೆಯ ಸಿನಿಮಾಕ್ಕೆ ಸರ್ಕಾರಿ ಸಂಸ್ಥೆಯೊಂದು ಇಷ್ಟು ಹೆದರಿತೆಂದರೆ ಅದರ ಪರಿಣಾಮ ದೊಡ್ಡದಿರಬಹುದು ಎಂದು ಎಲ್ಲರೂ ಎಣಿಸಿದ್ದರು.

ನೋಡಿದವರಲ್ಲಿ ಏನಾಯಿತು?

ಅಮೆರಿಕದಲ್ಲಿ ಸಂಶೋಧಕ ಆ್ಯಂಟನಿ ಲೈಸರೊವಿಟ್ಜ್ ದೇಶವ್ಯಾಪಿ ಸಮೀಕ್ಷೆ ನಡೆಸಿದರು. ಅಲ್ಲಿನ ವಯಸ್ಕರಲ್ಲಿ ಸುಮಾರು ಶೇ 10ರಷ್ಟು ಮಂದಿ ಚಿತ್ರಮಂದಿರಕ್ಕೆ ಹೋಗಿ ಸಿನಿಮಾ ನೋಡಿದ್ದರು. ನೋಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತಮ್ಮ ಆತಂಕ ಹೆಚ್ಚಾಯಿತು ಎಂದರು. ಕಡಿಮೆ ಇಂಧನ ಕುಡಿಯುವ ವಾಹನ ಕೊಳ್ಳುವುದು, ಈ ವಿಷಯವನ್ನು ಸ್ನೇಹಿತರ ಜೊತೆ ಮಾತನಾಡುವುದು ಮುಂತಾದ ಪ್ರಶ್ನೆಗಳಿಗೂ ನೋಡದವರಿಗಿಂತ ನೋಡಿದವರೇ ಹೆಚ್ಚು ಹೌದು ಎಂದರು. ಮಾಧ್ಯಮಗಳ ಲೆಕ್ಕ ಇನ್ನೂ ಕುತೂಹಲದ್ದು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2001ರಲ್ಲಿ ಪ್ರಕಟಿಸಿದ ಮಹಾವರದಿಗೆ ಅಮೆರಿಕದ ಮಾಧ್ಯಮಗಳಲ್ಲಿ ಸಿಕ್ಕ ಜಾಗಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಜಾಗ ಈ ಸಿನಿಮಾಕ್ಕೆ ಸಿಕ್ಕಿತ್ತು.

ಇಷ್ಟಾದರೂ ಇಡೀ ದೇಶದ ಜನಾಭಿಪ್ರಾಯ ಅಲುಗಾಡಲಿಲ್ಲ. ಹತ್ತರಲ್ಲಿ ಒಬ್ಬರು ನೋಡಿ, ಅವರಲ್ಲಿ ಅರ್ಧದಷ್ಟು ಜನ ಸ್ವಲ್ಪ ಬದಲಾದರೆ ದೇಶದ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ಮೊದಲೇ ಆತಂಕ ಇದ್ದವರೇ ಟಿಕೆಟ್ ಕೊಂಡಿರಬಹುದು ಎಂಬ ಅನುಮಾನವೂ ಇಂಥ ಸಮೀಕ್ಷೆಗಳಿಗೆ ಅಂಟಿಕೊಂಡೇ ಇರುತ್ತದೆ.

ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಬ್ರಿಟನ್ನಿನ ಅಧ್ಯಯನ. ಟಿಂಡಾಲ್ ಕೇಂದ್ರದ ಥಾಮಸ್ ಲೋ ಮತ್ತು ಸಂಗಡಿಗರು ಪ್ರೇಕ್ಷಕರ ಅಭಿಪ್ರಾಯವನ್ನು ಸಿನಿಮಾಕ್ಕೆ ಮೊದಲೂ ಆಮೇಲೂ ಕೇಳಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿತ್ತು. ನೋಡಿದವರ ಆತಂಕ ಏರಿತ್ತು. ಆದರೆ ಹವಾಮಾನ ಬದಲಾವಣೆಯಿಂದ ಭಾರೀ ವಿಪತ್ತುಗಳು ನಿಜವಾಗಿ ಸಂಭವಿಸುತ್ತವೆ ಎಂಬ ನಂಬಿಕೆ ಇಳಿದಿತ್ತು! ಯಾವುದು ವಿಜ್ಞಾನ, ಯಾವುದು ಕಥೆಗಾಗಿ ಸೇರಿಸಿದ್ದು ಎಂದು ಬೇರ್ಪಡಿಸಲು ಜನರಿಗೆ ಆಗಿರಲಿಲ್ಲ. ಏನಾದರೂ ಮಾಡಬೇಕು ಎಂಬ ಹುಮ್ಮಸ್ಸು ಹಲವರಲ್ಲಿತ್ತು, ಏನು ಮಾಡಬೇಕು ಎಂಬುದು ಗೊತ್ತಿರಲಿಲ್ಲ.

ಇದು ಹೇಗೆ ಸಾಧ್ಯ ಎನಿಸಬಹುದು. ಹೀಗೆ ಯೋಚಿಸಿ: ಅಪಾಯ ಎಂದರೆ ಒಂದೇ ವಾರದಲ್ಲಿ ನಗರ ಹೆಪ್ಪುಗಟ್ಟುವುದು ಎಂದು ತಲೆಯಲ್ಲಿ ಕೂತರೆ, ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಏರುವ ಸೆಕೆ ಅಪಾಯದಂತೆ ಕಾಣುವುದೇ ಇಲ್ಲ. ಪರದೆಯ ಮೇಲಿನ ಪ್ರಳಯ ಬರಲಿಲ್ಲ, ಹಾಗಾಗಿ ಏನೂ ಆಗಿಲ್ಲ ಎಂಬ ಲೆಕ್ಕ.

ಹಾಗಾದರೆ ಸಿನಿಮಾದಲ್ಲಿ ನಿಜ ಎಷ್ಟು?

ಬೀಜ ನಿಜ, ಮರ ಸುಳ್ಳು. ಅಟ್ಲಾಂಟಿಕ್ ಸಾಗರದಲ್ಲಿ ಬೆಚ್ಚನೆಯ ಉಪ್ಪುನೀರು ಮೇಲ್ಮೈಯಲ್ಲಿ ಉತ್ತರಕ್ಕೆ ಹರಿಯುತ್ತದೆ. ಅಲ್ಲಿ ತಣ್ಣಗಾಗಿ, ಭಾರವಾಗಿ ತಳಕ್ಕಿಳಿದು ಮತ್ತೆ ದಕ್ಷಿಣಕ್ಕೆ ಮರಳುತ್ತದೆ. ವಿಜ್ಞಾನಿಗಳು ಇದನ್ನು ಚಿಕ್ಕದಾಗಿ ‘ಅಮೋಕ್’ ಎನ್ನುತ್ತಾರೆ. ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್ ನೀರು ಹೀಗೆ ಸಾಗುತ್ತದೆ. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಸಿಹಿನೀರು ಬಂದು ಸೇರಿದರೆ ಮೇಲಿನ ನೀರು ಹಗುರವಾಗುತ್ತದೆ, ಮುಳುಗುವುದು ಕಷ್ಟವಾಗುತ್ತದೆ, ಪ್ರವಾಹ ನಿಧಾನವಾಗುತ್ತದೆ. ಇಲ್ಲಿಯವರೆಗೆ ಸಿನಿಮಾ ಸರಿ.

ತಪ್ಪಿರುವುದು ವೇಗದಲ್ಲಿ. ಈ ಪ್ರವಾಹ ಕುಸಿದರೂ ಅದಕ್ಕೆ ಹಿಡಿಯುವುದು ದಶಕಗಳು, ದಿನಗಳಲ್ಲ. ಇನ್ನು ಆಕಾಶದ ಎತ್ತರದಿಂದ ಕೊರೆಯುವ ಗಾಳಿ ಧುಮುಕಿ ಹೆಲಿಕಾಪ್ಟರುಗಳನ್ನೇ ಹೆಪ್ಪುಗಟ್ಟಿಸುವ ದೃಶ್ಯವಂತೂ ಭೌತವಿಜ್ಞಾನಕ್ಕೆ ನೇರ ವಿರುದ್ಧ. ಮೇಲಿನಿಂದ ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪ್ ಬಿಸಿಯಾಗುವುದಿಲ್ಲವೇ, ಹಾಗೆ.

ಕಾಕತಾಳೀಯವೆಂದರೆ, ಅಟ್ಲಾಂಟಿಕ್‌ಗೆ ಅಡ್ಡಲಾಗಿ ಉಪಕರಣಗಳನ್ನು ಇಳಿಬಿಟ್ಟು ಈ ಪ್ರವಾಹವನ್ನು ನಿರಂತರವಾಗಿ ಅಳೆಯುವ ಕೆಲಸ ಶುರುವಾದದ್ದೂ 2004ರ ಏಪ್ರಿಲ್‌ನಲ್ಲೇ, ಸಿನಿಮಾಕ್ಕೆ ಒಂದು ತಿಂಗಳು ಮೊದಲು. 2021ರ ಐಪಿಸಿಸಿ ವರದಿಯ ಪ್ರಕಾರ ಈ ಶತಮಾನದಲ್ಲಿ ಅಮೋಕ್ ದುರ್ಬಲಗೊಳ್ಳುವುದು ಬಹುತೇಕ ಖಚಿತ. 2100ಕ್ಕೆ ಮೊದಲು ಹಠಾತ್ತನೆ ಕುಸಿಯಲಿಕ್ಕಿಲ್ಲ ಎಂಬುದನ್ನು ಮಾತ್ರ ಮಧ್ಯಮ ಮಟ್ಟದ ವಿಶ್ವಾಸದಿಂದ ಹೇಳಲಾಗಿದೆ. ಅಂದರೆ ಪೂರ್ತಿ ನಿಶ್ಚಿಂತೆಯಿಂದ ಇರುವಂತಿಲ್ಲ. 2023ರ ಜುಲೈನಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಈ ಶತಮಾನದಲ್ಲೇ ಕುಸಿಯಬಹುದು ಎಂದು ಲೆಕ್ಕ ಹಾಕಿದರು. ಆ ಲೆಕ್ಕದ ಬಗ್ಗೆ ವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯವಿದೆ.

ನಮ್ಮ ಓದುಗರಿಗೆ ಸಂಬಂಧಿಸಿದ ಸಾಲು ಅದೇ ಐಪಿಸಿಸಿ ವರದಿಯಲ್ಲಿದೆ. ಅಮೋಕ್ ಕುಸಿದರೆ ಉಷ್ಣವಲಯದ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ, ಏಷ್ಯಾದ ಮುಂಗಾರು ದುರ್ಬಲಗೊಳ್ಳುತ್ತದೆ. ದೆಹಲಿಯಲ್ಲಿ ಹಿಮ ಬೀಳುವುದು ನಮ್ಮ ಚಿಂತೆಯಲ್ಲ, ಕೈಕೊಡುವ ಮಳೆಗಾಲ ನಮ್ಮ ಚಿಂತೆ. ಅದನ್ನು ಹಾಲಿವುಡ್ ತೋರಿಸಲಿಲ್ಲ, ಫಾರ್ವರ್ಡ್‌ಗಳೂ ಹೇಳುವುದಿಲ್ಲ.

ಸೆನೆಟ್‌ನಲ್ಲಿ ನಡೆದದ್ದು

ಈಗ ರಾಜಕೀಯಕ್ಕೆ ಬರೋಣ. ಇಂಗಾಲದ ಹೊಗೆಗೆ ಮಿತಿ ಹಾಕುವ ಮಸೂದೆಯೊಂದನ್ನು ಜಾನ್ ಮೆಕೇನ್ ಮತ್ತು ಜೋ ಲೀಬರ್ಮನ್ ಎಂಬ ಎರಡು ಬೇರೆ ಪಕ್ಷಗಳ ಸೆನೆಟರುಗಳು ಸೇರಿ ತಂದಿದ್ದರು. 2003ರ ಅಕ್ಟೋಬರ್‌ನಲ್ಲಿ ಅದಕ್ಕೆ 43 ಮತ ಬಿತ್ತು, ವಿರುದ್ಧ 55. ಸೋತರೂ ಭರವಸೆ ಹುಟ್ಟಿಸಿದ ಸೋಲು. ನಂತರ ಸಿನಿಮಾ ಬಂತು, ಕೋಟ್ಯಂತರ ಜನ ನೋಡಿದರು. 2005ರ ಜೂನ್‌ನಲ್ಲಿ ಪ್ರಸ್ತಾಪ ಮತ್ತೆ ಮತಕ್ಕೆ ಬಂದಾಗ ಪರ 38, ವಿರುದ್ಧ 60. ಬೆಂಬಲ ಇಳಿದಿತ್ತು.

ಇದಕ್ಕೆ ಸಿನಿಮಾವೇ ಕಾರಣ ಎಂದರೆ ಅನ್ಯಾಯವಾಗುತ್ತದೆ. ಎರಡನೇ ಸಲ ಪ್ರಸ್ತಾಪದಲ್ಲಿ ಅಣುವಿದ್ಯುತ್ತಿಗೆ ನೆರವು ಸೇರಿಸಿದ್ದರಿಂದ ಹಿಂದಿನ ಕೆಲವು ಬೆಂಬಲಿಗರು ದೂರ ಸರಿದಿದ್ದರು. ನಡುವೆ ಚುನಾವಣೆಯೂ ನಡೆದಿತ್ತು. ಆದರೆ ಸಿನಿಮಾ ನೋಡಿದ ಜನ ತಮ್ಮ ಪ್ರತಿನಿಧಿಗಳ ಮೇಲೆ ಒತ್ತಡ ಹಾಕಿ ಮತ ಬದಲಿಸಿದರು ಎನ್ನಲು ಆ ಸಂಖ್ಯೆಗಳಲ್ಲಿ ಯಾವ ಕುರುಹೂ ಇಲ್ಲ.

ಇನ್ನೊಂದು ಪ್ರಸಂಗ ಇನ್ನೂ ಸ್ವಾರಸ್ಯಕರ. ‘ಜುರಾಸಿಕ್ ಪಾರ್ಕ್’ ಖ್ಯಾತಿಯ ಲೇಖಕ ಮೈಕೆಲ್ ಕ್ರೈಟನ್ 2004ರ ಡಿಸೆಂಬರ್‌ನಲ್ಲಿ ‘ಸ್ಟೇಟ್ ಆಫ್ ಫಿಯರ್’ ಎಂಬ ಕಾದಂಬರಿ ಪ್ರಕಟಿಸಿದರು. ಅದರಲ್ಲಿ ಪರಿಸರವಾದಿಗಳೇ ಖಳನಾಯಕರು, ಹವಾಮಾನ ಬದಲಾವಣೆ ಹುಟ್ಟಿಸಿದ ಭೀತಿ. ಸೆನೆಟ್‌ನ ಪರಿಸರ ಸಮಿತಿಯ ಅಧ್ಯಕ್ಷರಾಗಿದ್ದವರು ಜೇಮ್ಸ್ ಇನ್‌ಹೋಫ್. ಭೂಮಿ ಬಿಸಿಯಾಗುತ್ತಿದೆ ಎಂಬುದೇ ದೊಡ್ಡ ಮೋಸ ಎಂದು ಸದನದಲ್ಲಿ ವಾದಿಸಿದವರು. 2005ರ ಸೆಪ್ಟೆಂಬರ್ 28ರಂದು ಅವರ ಸಮಿತಿಯ ಮುಂದೆ ಸಾಕ್ಷಿ ಹೇಳಲು ಕೂತವರು ಕಾದಂಬರಿಕಾರ ಕ್ರೈಟನ್! ಕಟ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿ ಆಗಿನ್ನೂ ಒಂದು ತಿಂಗಳಾಗಿತ್ತು. ಕಟ್ಟುಕಥೆಗೆ ರಾಜಕಾರಣಿಗಳ ಗಮನ ಸೆಳೆಯುವ ಶಕ್ತಿ ಇಲ್ಲ ಎನ್ನುವಂತಿಲ್ಲ. ಅಧಿಕಾರದಲ್ಲಿದ್ದವರು ತಮಗೆ ಬೇಕಾದ ಕಥೆಯನ್ನು ಆರಿಸಿಕೊಂಡರು, ಅಷ್ಟೆ.

ಹಿಂಬಾಗಿಲಿನಿಂದ ಬಂದ ಪರಿಣಾಮ

ಹಾಗೆಂದು ‘ದಿ ಡೇ ಆಫ್ಟರ್ ಟುಮಾರೊ’ ರಾಜಕೀಯದ ಮೇಲೆ ಏನೂ ಮಾಡಲಿಲ್ಲ ಎನ್ನಲೂ ಆಗದು. ಸಿನಿಮಾ ಬಿಡುಗಡೆಯ ಸಮಯದಲ್ಲಿ ಕಾರ್ಯಕರ್ತರ ಸಂಘಟನೆಗಳು ಚಿತ್ರಮಂದಿರಗಳ ಹೊರಗೆ ನಿಂತು ಕರಪತ್ರ ಹಂಚಿದವು. ನ್ಯೂಯಾರ್ಕಿನಲ್ಲಿ ಒಂದು ಸಭೆಯೂ ನಡೆಯಿತು. ಅಲ್ಲಿ ಮಾಜಿ ಉಪಾಧ್ಯಕ್ಷ ಅಲ್ ಗೋರ್ ತಮ್ಮ ಸ್ಲೈಡುಗಳನ್ನು ತೋರಿಸಿ ಮಾತನಾಡಿದರು. ಸಭೆಯಲ್ಲಿದ್ದ ಪರಿಸರ ಕಾರ್ಯಕರ್ತೆ ಲೋರಿ ಡೇವಿಡ್ ಅವರಿಗೆ, ಈ ಸ್ಲೈಡುಗಳನ್ನೇ ಸಾಕ್ಷ್ಯಚಿತ್ರ ಮಾಡಬೇಕು ಎನಿಸಿತು. ಎರಡು ವರ್ಷಗಳ ನಂತರ, 2006ರಲ್ಲಿ, ‘ಆನ್ ಇನ್‌ಕನ್ವೀನಿಯೆಂಟ್ ಟ್ರೂತ್’ ತೆರೆಗೆ ಬಂತು. 2007ರಲ್ಲಿ ಅದಕ್ಕೆ ಆಸ್ಕರ್ ಸಿಕ್ಕಿತು. ಅದೇ ವರ್ಷ ಗೋರ್ ಮತ್ತು ಐಪಿಸಿಸಿಗೆ ಜಂಟಿಯಾಗಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಹಿಮಗಡ್ಡೆಯ ದೃಶ್ಯಗಳಿಂದ ಆಗದ ಕೆಲಸಕ್ಕೆ ಸಿನಿಮಾ ನೆಪವಾಗಿ ಸೇರಿದ ಒಂದು ಸಭೆ ದಾರಿ ಮಾಡಿತ್ತು. ಬ್ರಿಟನ್ ಸರ್ಕಾರ ಗೋರ್ ಅವರ ಚಿತ್ರವನ್ನು ಇಂಗ್ಲೆಂಡಿನ ಪ್ರೌಢಶಾಲೆಗಳಿಗೆ ಕಳಿಸಿದಾಗ ವಿಷಯ ಕೋರ್ಟಿಗೂ ಹೋಯಿತು. 2007ರಲ್ಲಿ ಲಂಡನ್ನಿನ ಹೈಕೋರ್ಟ್ ಚಿತ್ರದ ಮುಖ್ಯ ವಾದ ವಿಜ್ಞಾನಕ್ಕೆ ಒಪ್ಪುವಂಥದ್ದೇ ಎಂದಿತು. ಆದರೆ ಒಂಬತ್ತು ಕಡೆ ಐಪಿಸಿಸಿ ಹೇಳಿದ್ದನ್ನು ಮೀರಿದೆ ಎಂದು ಗುರುತಿಸಿ, ವಿವರಣೆಯ ಟಿಪ್ಪಣಿಯೊಂದಿಗೇ ತೋರಿಸಬೇಕು ಎಂದಿತು. ಆ ಒಂಬತ್ತರಲ್ಲಿ ಒಂದು ಯಾವುದು ಗೊತ್ತೇ? ಅಟ್ಲಾಂಟಿಕ್ ಪ್ರವಾಹ ನಿಂತುಹೋಗುವ ಮಾತು.

ಒಮ್ಮೆ ಕೆಲಸ ಮಾಡಿದ ಸಿನಿಮಾ

ವಿಪತ್ತಿನ ಸಿನಿಮಾ ಅಧಿಕಾರದ ಕುರ್ಚಿಯವರೆಗೂ ತಲುಪಿದ ಉದಾಹರಣೆ ಹವಾಮಾನದ್ದಲ್ಲ, ಅಣುಬಾಂಬಿನದು. ಹೆಸರು ಹೆಚ್ಚುಕಡಿಮೆ ಒಂದೇ: ‘ದಿ ಡೇ ಆಫ್ಟರ್’. ಅಣುಯುದ್ಧವಾದರೆ ಅಮೆರಿಕದ ಸಾಮಾನ್ಯ ಊರೊಂದರಲ್ಲಿ ಏನಾಗುತ್ತದೆ ಎಂದು ತೋರಿಸಿದ ಟಿವಿ ಸಿನಿಮಾ. 1983ರ ನವೆಂಬರ್ 20ರಂದು ಪ್ರಸಾರವಾದಾಗ ಸುಮಾರು 10 ಕೋಟಿ ಜನ ನೋಡಿದರು. ಅಧ್ಯಕ್ಷ ರೊನಾಲ್ಡ್ ರೇಗನ್ ಅದನ್ನು ಅಕ್ಟೋಬರ್‌ನಲ್ಲೇ ನೋಡಿ, ಮನಸ್ಸು ತೀರಾ ಕುಗ್ಗಿತು ಎಂಬರ್ಥದಲ್ಲಿ ಡೈರಿಯಲ್ಲಿ ಬರೆದುಕೊಂಡರು. 1987ರ ಡಿಸೆಂಬರ್‌ನಲ್ಲಿ ಅವರೇ ಸೋವಿಯತ್ ನಾಯಕ ಗೋರ್ಬಚೇವ್ ಜೊತೆ ಮಧ್ಯಮ ದೂರದ ಕ್ಷಿಪಣಿಗಳನ್ನು ನಾಶಮಾಡುವ ಒಪ್ಪಂದಕ್ಕೆ ಸಹಿ ಹಾಕಿದರು.

ಸಿನಿಮಾದಿಂದಲೇ ಒಪ್ಪಂದವಾಯಿತು ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. ನಡುವೆ ನಾಲ್ಕು ವರ್ಷಗಳಿವೆ, ಸೋವಿಯತ್ ಒಕ್ಕೂಟದಲ್ಲಿ ನಾಯಕತ್ವವೇ ಬದಲಾಗಿತ್ತು. ಸಿನಿಮಾಕ್ಕೆ ಒಂದು ವರ್ಷ ಮೊದಲೇ, 1982ರ ಜೂನ್‌ನಲ್ಲಿ, ಅಣ್ವಸ್ತ್ರಗಳ ವಿರುದ್ಧ ನ್ಯೂಯಾರ್ಕಿನಲ್ಲಿ ಸುಮಾರು 10 ಲಕ್ಷ ಜನ ಸೇರಿದ್ದರು. ನೆಲ ಹದವಾಗಿದ್ದಾಗ ಬಿದ್ದ ಮಳೆ ಅದು. ಇನ್ನೊಂದು ವ್ಯತ್ಯಾಸವೂ ಇದೆ. ಗುಂಡಿ ಒತ್ತದಿದ್ದರೆ ಅಣುಯುದ್ಧ ಆಗುವುದಿಲ್ಲ, ಗುಂಡಿ ಇರುವುದು ಕೆಲವೇ ಮಂದಿಯ ಕೈಯಲ್ಲಿ. ಇಂಗಾಲದ ಹೊಗೆ ಹಾಗಲ್ಲ. ಕಲ್ಲಿದ್ದಲಿನ ವಿದ್ಯುತ್ತು, ಸಿಮೆಂಟು, ಲಾರಿ, ಬೈಕು ಎಲ್ಲದರಿಂದಲೂ ಬರುವ ಹೊಗೆಗೆ ಒಬ್ಬ ಖಳನಾಯಕನನ್ನು ತೋರಿಸುವುದು ಯಾವ ನಿರ್ದೇಶಕನಿಗೂ ಕಷ್ಟ.

ನಮ್ಮ ಪ್ರವಾಹಗಳು, ನಮ್ಮ ಸಿನಿಮಾಗಳು

ಭಾರತದಲ್ಲಿ ಹಾಲಿವುಡ್ ಮಾದರಿಯ ಕಾಲ್ಪನಿಕ ಪ್ರಳಯಕ್ಕಿಂತ, ಆಗಿಹೋದ ಪ್ರವಾಹಗಳ ಮೇಲೆ ಸಿನಿಮಾಗಳು ಬಂದಿವೆ. 2013ರ ಜೂನ್‌ನ ಉತ್ತರಾಖಂಡ ದುರಂತವನ್ನು ಇಟ್ಟುಕೊಂಡು 2018ರ ಡಿಸೆಂಬರ್‌ನಲ್ಲಿ ‘ಕೇದಾರನಾಥ್’ ಬಂತು. ನದಿಯ ಅಂಚಿನಲ್ಲಿ ಎದ್ದ ಹೋಟೆಲುಗಳು, ಬೆಟ್ಟ ಕೊರೆದ ಜಲವಿದ್ಯುತ್ ಯೋಜನೆಗಳ ಬಗ್ಗೆ ಚರ್ಚೆಯಾಗಲು ಒಳ್ಳೆಯ ಅವಕಾಶ ಅದು. ಆದರೆ ರಾಜಕೀಯ ಗದ್ದಲವೆಲ್ಲ ನಡೆದದ್ದು ನಾಯಕ ಮುಸ್ಲಿಂ, ನಾಯಕಿ ಹಿಂದೂ ಎಂಬುದರ ಮೇಲೆ. ಉತ್ತರಾಖಂಡದ ಹಲವು ಜಿಲ್ಲೆಗಳಲ್ಲಿ ಪ್ರದರ್ಶನವನ್ನೇ ತಡೆಯಲಾಯಿತು. ಆ ರಾಜ್ಯದ ಜಲವಿದ್ಯುತ್ ಯೋಜನೆಗಳಿಗೆ ಹೊಸ ಅನುಮತಿ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಆಗಸ್ಟ್‌ನಲ್ಲಿ, ದುರಂತವಾದ ಎರಡು ತಿಂಗಳಿಗೆ, ಸಿನಿಮಾಕ್ಕೆ ಐದು ವರ್ಷ ಮೊದಲು.

2018ರ ಕೇರಳದ ಮಹಾಪ್ರವಾಹದ ಮೇಲೆ ಜೂಡ್ ಆಂಥನಿ ಜೋಸೆಫ್ ನಿರ್ದೇಶಿಸಿದ ಮಲಯಾಳಂ ಸಿನಿಮಾದ ಹೆಸರೇ ‘2018’. 2023ರಲ್ಲಿ ತೆರೆಕಂಡು ಭರ್ಜರಿಯಾಗಿ ಓಡಿತು, ಭಾರತದಿಂದ ಆಸ್ಕರ್‌ಗೆ ಅಧಿಕೃತವಾಗಿ ಹೋಯಿತು. ದೋಣಿ ತಂದು ಜನರನ್ನು ಉಳಿಸಿದ ಮೀನುಗಾರರನ್ನು ಅದು ಮನಮುಟ್ಟುವಂತೆ ತೋರಿಸುತ್ತದೆ. ಮಳೆ ಯಾಕೆ ಹಾಗೆ ಸುರಿಯಿತು, ಗುಡ್ಡಗಳು ಯಾಕೆ ಕುಸಿದವು ಎಂಬ ಪ್ರಶ್ನೆಗೆ ಅಲ್ಲಿ ಹೆಚ್ಚು ಜಾಗವಿಲ್ಲ. ನೋಡಿ ಹೊರಬಂದವರಿಗೆ ಹೆಮ್ಮೆ ಮತ್ತು ಕಣ್ಣೀರು ಸಿಗುತ್ತದೆ. ನಿರ್ದೇಶಕರ ತಪ್ಪೇನಲ್ಲ, ಸಿನಿಮಾಕ್ಕೆ ಬೇಕಾದದ್ದು ಮನುಷ್ಯರ ಕಥೆ.

ಅದೇ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳೂ ಕುಸಿದಿದ್ದವು. ಮಡಿಕೇರಿಯಲ್ಲಿ ಎರಡಂತಸ್ತಿನ ಮನೆಯೊಂದು ಇಳಿಜಾರಿನಲ್ಲಿ ಜಾರಿಹೋದ ವಿಡಿಯೊ ಆಗ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದು ಸಿನಿಮಾ ಅಲ್ಲ, ನಿಜವಾದ ಮನೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳಲ್ಲಿ ಗಣಿ, ದೊಡ್ಡ ಕಟ್ಟಡಗಳಿಗೆ ಮಿತಿ ಹಾಕಬೇಕು ಎಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ವರದಿ ಕೊಟ್ಟಿತ್ತು. ನಂತರ ಕಸ್ತೂರಿರಂಗನ್ ಸಮಿತಿ 2013ರಲ್ಲಿ ಅದನ್ನು ಸಾಕಷ್ಟು ಸಡಿಲಿಸಿತು. ಕೇಂದ್ರ ಸರ್ಕಾರ 2014ರಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಲೇ ಇದೆ. ಒಂದರ ಅವಧಿ ಮುಗಿದರೆ ಇನ್ನೊಂದು. ಆರನೆಯದು ಬಂದದ್ದು 2024ರ ಜುಲೈ 31ರಂದು, ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತ ಮರುದಿನ. ಆರು ರಾಜ್ಯಗಳ ಸುಮಾರು 56,800 ಚದರ ಕಿಲೋಮೀಟರ್ ಅದರ ವ್ಯಾಪ್ತಿ, ಅದರಲ್ಲಿ 20,000ಕ್ಕೂ ಹೆಚ್ಚು ಕರ್ನಾಟಕದ್ದು. ಆಗ ವಯನಾಡಿನ ವಿಡಿಯೊಗಳು ಪ್ರತಿ ಗ್ರೂಪಿನಲ್ಲೂ ಓಡಾಡುತ್ತಿದ್ದವು. ತೋಟ, ಮನೆ, ಜೀವನೋಪಾಯಕ್ಕೆ ಕುತ್ತು ಬರುತ್ತದೆ ಎಂಬ ಭಯ ಮಲೆನಾಡಿನ ರೈತರಲ್ಲಿ ಮೊದಲಿನಿಂದಲೂ ಇದೆ, ಆ ಭಯಕ್ಕೆ ಉತ್ತರ ಕೊಡುವ ಕೆಲಸ ಯಾವ ಸರ್ಕಾರವೂ ಸರಿಯಾಗಿ ಮಾಡಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ, ವಯನಾಡಿನ ದುರಂತಕ್ಕೆ ಎರಡು ತಿಂಗಳು ತುಂಬುವ ಹೊತ್ತಿಗೆ, ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ಕರ್ನಾಟಕದ ಸಚಿವ ಸಂಪುಟ ತೀರ್ಮಾನಿಸಿತು.